ಛಾವಣಿ ಬಂಗಲೆಯ ಹಳದಿ ಹಣ್ಣು

1950ನೆಯ ಇಸವಿ, ಮಹಾನವಮಿ ಅಮಾವಾಸ್ಯೆಯ ಮರುದಿನ ಮುಂಜಾನೆ. ಲಿಂಗಸುಗೂರಿನ ಛಾವಣಿಯ ಹಳೆಯ ಬಂಗಲೆಯೊಂದರ ಹಿತ್ತಲಲ್ಲಿ ಹಬ್ಬಕ್ಕೆ ತೆಗೆದ ಹಿತ್ತಾಳೆ ಪಾತ್ರೆಗಳನ್ನು ಮುಂದೆ ಹಾಕಿಕೊಂಡು ಕೂತಿದ್ದೆ. ದೊಡ್ಡ ಕೊಡದ ಒಂದು ಮಗ್ಗುಲು ಬೂದಿ ಹಾಕಿ ತಿಕ್ಕಿ ಬೆಳಗಿಯಾಗಿತ್ತು. ಇನ್ನೊಂದು ಮಗ್ಗುಲಿಗೆ ಹುಣಸೆಹಣ್ಣು ಬಳಿದು ಬಿಟ್ಟಿದ್ದೆ. ಅಷ್ಟರಲ್ಲಿ ಗೋಡೆಯಾಚೆಯಿಂದ ಕೂಗು ಬಂತು.

"ತಂಗೀ, ನನ್ನ ರಾಜಾ ಹೋದನಬೇ! ಯಾರೋ ವಿಷ ಹಾಕಿ ಕೊಂದಾರಬೇ!"

ರಾಜಾ ಎಂದರೆ ನಮ್ಮ ನೆರೆಮನೆಯ ಶಂಕ್ರಮ್ಮನ ನಾಯಿ. ಕೈ ತೊಳೆಯದೆ ಎದ್ದು ಓಡಿದೆ.

ಇಂಥ ಅನುಭವಗಳನ್ನು ಸಾಮಾನ್ಯವಾಗಿ ಡಾಕ್ಟರು, ಎಂಜಿನಿಯರು, ಪೊಲೀಸ್ ಅಧಿಕಾರಿಗಳು ಬರೆಯುತ್ತಾರೆ. ನಾನು ಸಂಬಳಕ್ಕೆ ಎಲ್ಲಿಯೂ ದುಡಿದವಳಲ್ಲ. ನಮ್ಮ ಯಜಮಾನರು ಕಾಲುವೆ ಕೆಲಸದಲ್ಲಿ ಓವರ್‌ಸಿಯರ್ ಆಗಿದ್ದರು. ಅವರಿಗೆ ಬದಲಿಯಾದಾಗಲೆಲ್ಲ ನನಗೂ ಬದಲಿ. ಮಸ್ಕಿ, ಲಿಂಗಸುಗೂರು, ಆಮೇಲೆ ಸಿಂಧನೂರು, ಹೀಗೆ ಮೂರು ಊರಿನಲ್ಲಿ ಒಲೆ ಹೂಡಿದ್ದೇನೆ. ಗುಡಿಸುವುದು, ತಿಕ್ಕುವುದು, ಮಕ್ಕಳು ಕಾರಿಕೊಂಡದ್ದನ್ನು ಬಳಿಯುವುದು ನನ್ನ ಕೆಲಸ. ಆ ದಿನ ಒಬ್ಬ ಮನುಷ್ಯ ಠಾಣೆಗೆ ಹೋಗುವುದು ತಪ್ಪಿದ್ದು ಈ ಕೆಲಸದಿಂದಲೇ ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ. ಮನೆಯ ಅಂಗಳದಲ್ಲಿ ಹಣ್ಣಿನ ಗಿಡ-ಕಂಟಿ ಬೆಳೆಸಿ ನಾಯಿಯನ್ನೂ ಸಾಕುವವರು ಇದನ್ನು ಓದಲಿ ಎಂಬ ಆಸೆಯೂ ಇದೆ.

ಛಾವಣಿ ಎಂದರೆ ಹಿಂದೆ ಬಿಳಿ ಸಾಹೇಬರ ದಂಡು ಇದ್ದ ಜಾಗ. ದಂಡು ಹೋಗಿ ಎಷ್ಟೋ ಕಾಲವಾಗಿತ್ತು. ಬಂಗಲೆಗಳು ಕೈಯಿಂದ ಕೈಗೆ ದಾಟಿ ಕೊನೆಗೆ ಒಂದರ ಅರ್ಧ ಭಾಗ ನಮಗೆ ಬಾಡಿಗೆಗೆ ಸಿಕ್ಕಿತ್ತು. ತೋಟ ಮಾತ್ರ ಸಾಹೇಬರದೇ ಉಳಿದಿತ್ತು. ಗೋಡೆಗುಂಟ ಬಾರಿ, ಕವಳಿ, ಫಾಲ್ಸಾ ಗಿಡಗಳಿದ್ದವು. ಬಾವಿಯ ಕಟ್ಟೆಗೆ ಗುಲಗಂಜಿ ಬಳ್ಳಿ ಹಬ್ಬಿತ್ತು. ಮಸ್ಕಿ ರಸ್ತೆಯ ಕಡೆಗಿನ ಮೂಲೆಯಲ್ಲಿ ಆಳೆತ್ತರದ ಕಂಟಿಯ ಬೇಲಿಯೊಂದಿತ್ತು. ಅದಕ್ಕೆ ನೀಲಿ ಹೂವು ಬಿಡುತ್ತಿತ್ತು, ಆಮೇಲೆ ಬಂಗಾರದ ಮಣಿಯಂಥ ಹಳದಿ ಹಣ್ಣಿನ ಗೊಂಚಲು ಜೋತುಬೀಳುತ್ತಿತ್ತು. ಅದರ ಹೆಸರು ನಮಗೆ ಗೊತ್ತಿರಲಿಲ್ಲ, ಮಣಿಕಂಟಿ ಅನ್ನುತ್ತಿದ್ದೆವು. ಪಿಕಳಾರ ಹಕ್ಕಿಗಳು ದಿನವೆಲ್ಲ ಆ ಹಣ್ಣು ತಿನ್ನುತ್ತಿದ್ದವು. ಹಕ್ಕಿ ತಿನ್ನುವ ಹಣ್ಣಿನಲ್ಲಿ ದೋಷವಿಲ್ಲ ಎಂದು ನಾವೆಲ್ಲ ನಂಬಿದ್ದೆವು. ಮೂರು ವರ್ಷದ ನನ್ನ ಮಗಳು ಗೌರಿ ಆ ಹಣ್ಣನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡು ತಿರುಗುತ್ತಿದ್ದಳು. ಕೊರಳಿಗೆ ಹಾಕಿಕೊಂಡಳು, ಬಾಯಿಗೆ ಹಾಕಿಕೊಳ್ಳಲಿಲ್ಲ. ಇಷ್ಟು ವರ್ಷವಾದರೂ ಲಿಂಗಪೂಜೆಗೆ ಕೂತಾಗ ಶಿವನಿಗೆ ಮೊದಲು ಈ ಉಪಕಾರವನ್ನೇ ನೆನೆಸುತ್ತೇನೆ.

ಆ ಬೇಲಿಯ ಒಳಗೆ ಐದು ಗಿಡ್ಡ ಕಲ್ಲುಗಳು ಸಾಲಾಗಿ ನಿಂತಿದ್ದವು. ಮೊಣಕಾಲಿನಷ್ಟು ಎತ್ತರ, ನೆತ್ತಿ ದುಂಡಗೆ. ಎಣ್ಣೆ, ಕುಂಕುಮ, ವಿಭೂತಿ ಮೆತ್ತಿ ಮೆತ್ತಿ ಕಪ್ಪಾಗಿದ್ದವು. ಯಾವ ದೇವರೆಂದು ಯಾರಿಗೂ ತಿಳಿಯದು, 'ಕಾಯುವ ಕಲ್ಲು' ಅನ್ನುತ್ತಿದ್ದರು. ಹೆಚ್ಚು ನಡೆದುಕೊಳ್ಳುತ್ತಿದ್ದವಳು ಶಂಕ್ರಮ್ಮ.

ಶಂಕ್ರಮ್ಮನಿಗೆ ಒಬ್ಬನೇ ಮಗ, ಶರಣಪ್ಪ. ನಲವತ್ತೆಂಟರ ರಜಾಕಾರರ ಗದ್ದಲದಲ್ಲಿ ಮಸ್ಕಿಗೆ ಹೋಗಿ ಬರುತ್ತೇನೆಂದು ಹೋದವನು ಬರಲಿಲ್ಲ. ಸತ್ತನೆಂದು ಹೇಳಿದವರಿಲ್ಲ, ಕಂಡೆನೆಂದು ಹೇಳಿದವರೂ ಇಲ್ಲ. ಅವನು ಸಾಕಿದ ನಾಯಿ ರಾಜಾ. ಮಗ ಹೋದಂದಿನಿಂದ ರಾಜಾ ನಮ್ಮ ತೋಟದ ಆ ಮೂಲೆಗೆ ಬಂದು, ಕಲ್ಲುಗಳ ಹತ್ತಿರ, ಮಸ್ಕಿ ರಸ್ತೆಗೆ ಮುಖ ಮಾಡಿ ಕೂರತೊಡಗಿತು. ಅದನ್ನು ನೋಡಿಯೇ ಆಕೆಗೆ ಆ ಕಲ್ಲುಗಳ ಮೇಲೆ ಭಕ್ತಿ ಬಂತು. ಮೂಕಪ್ರಾಣಿಗೆ ತಿಳಿದ ದೇವರು ತನ್ನ ಮಗನನ್ನು ಕಾಯಲಾರನೆ ಎಂದು ಅಮಾವಾಸ್ಯೆಗೊಮ್ಮೆ ಎಡೆ ಇಡುತ್ತಿದ್ದಳು. ಮಹಾನವಮಿ ಅಮಾವಾಸ್ಯೆಗೆ ನಮ್ಮ ಕಡೆ ಎಲ್ಲರೂ ತೀರಿಹೋದ ಹಿರಿಯರಿಗೆ ಎಡೆ ಇಡುತ್ತೇವೆ. ಆ ಸಾಲಿಗೆ ಮಗನ ಹೆಸರು ಸೇರಿಸಿರೆಂದು ಯಾರಾದರೂ ಅಂದರೆ ಶಂಕ್ರಮ್ಮ ಸೌಟು ಹಿಡಿದು ಎದ್ದುಬರುವಳು. "ನನ್ನ ಮಗ ಬರಾಂವ ಅದಾನ. ಎಡಿ ಉಣ್ಣಾಂವಲ್ಲ," ಅನ್ನುವಳು. ಹಿರಿಯರ ಎಡೆ ಬಿಟ್ಟು ಕಲ್ಲಿಗೆ ಮಾತ್ರ ಇಡುವಳು.

ಅವತ್ತು ನಾನು ಹೋದಾಗ ರಾಜಾ ಆಕೆಯ ಹಿತ್ತಲ ಬಾಗಿಲಲ್ಲಿ ಬಿದ್ದಿತ್ತು. ಕಾಲು ಸೆಟೆದಿದ್ದವು. ಬಾಯಿಯ ಸುತ್ತ ನೊರೆ ಒಣಗಿತ್ತು. ಶಂಕ್ರಮ್ಮ ನೀರು ಸುರುವಿ ಮುಖ, ಮೈ, ಬಾಗಿಲು ಎಲ್ಲ ತೊಳೆದುಬಿಟ್ಟಿದ್ದಳು.

"ಯಾರು ಹಾಕ್ಯಾರ ಅಂತೀ ಯಕ್ಕಾ?" ಎಂದೆ.

"ಯಾರು ಅಂತ ಕೇಳ್ತೀಯಾ? ನಿಮ್ಮ ತ್ವಾಟದಾಗs ಅದಾನಲ್ಲ, ಕಾಸೀಮ. ನಿನ್ನೆ ಬಿಳೇ ಪುಡಿ ಕಲಸಾಕತ್ತಿದ್ದ. ನಾನs ಕಣ್ಣಾರೆ ನೋಡೀನಿ. ಮಗನ್ನ ನುಂಗಿದ್ರು, ಮಗನ ನಾಯಿನೂ ಬಿಡಲಿಲ್ಲ."

ಕಾಸೀಮಸಾಬ ಆ ತೋಟದ ಮಾಲಿ. ಅವನ ಅಪ್ಪ ಸಾಹೇಬರ ಕಾಲದಲ್ಲಿ ಅಲ್ಲಿಯೇ ಮಾಲಿಯಾಗಿದ್ದನಂತೆ. ಗುಲಾಬಿಗೆ ಗೆದ್ದಲು ಹತ್ತಿತೆಂದು ಹಿಂದಿನ ದಿನ ಅವನು ಪುಡಿ ಕಲಸಿದ್ದು ನಿಜ, ನಾನೂ ನೋಡಿದ್ದೆ. ಅದಕ್ಕೇ ನನ್ನ ಬಾಯಿಂದ ತಟ್ಟನೆ "ಇಲ್ಲ" ಬರಲಿಲ್ಲ.

"ಅಮೀನಸಾಬ್ರಿಗೆ ಹೇಳಿ ಕಳಿಸೀನಿ," ಎಂದಳು. ಅಮೀನ ಎಂದರೆ ಠಾಣೆಯ ಅಧಿಕಾರಿ. "ಮುದಗಲ್ಲಿಗೆ ಹೋಗ್ಯಾರಂತ. ಸಂಜಿ ಬಸ್ಸಿಗೆ ಬರ್ತಾರಂತ. ಅವರು ನೋಡೋತನಕ ರಾಜಾಗ ಮಣ್ಣು ಮಾಡಾಂಗಿಲ್ಲ."

ಆ ಕಾಲ ಎಂಥದೆಂದು ಈಗಿನವರಿಗೆ ಹೇಳಬೇಕು. ಗದ್ದಲ ಮುಗಿದು ಎರಡು ವರ್ಷವಾಗಿತ್ತು, ಮನಸ್ಸುಗಳಲ್ಲಿ ಮುಗಿದಿರಲಿಲ್ಲ. ಮಗನನ್ನು ಕಳೆದುಕೊಂಡ ತಾಯಿ ಬೆರಳು ತೋರಿಸಿದರೆ, ಆ ಬೆರಳು ಕಾಸೀಮಸಾಬನಂಥವನ ಕಡೆಗಿದ್ದರೆ, ಠಾಣೆಯ ಒಳಗೆ ಹೋದವನು ಯಾವಾಗ ಹೊರಗೆ ಬಂದಾನು, ಹೇಗೆ ಬಂದಾನು, ಹೇಳುವಂತಿರಲಿಲ್ಲ. ಅಮೀನರು ಊರಲ್ಲಿಲ್ಲದೆ ಮುದಗಲ್ಲಿಗೆ ಹೋಗಿದ್ದರು. ಶಿವನ ಎರಡನೆಯ ಉಪಕಾರ ಅದು.

ನಮ್ಮ ಯಜಮಾನರು ಸಾಲಗುಂದದ ಕಡೆ ಕಾಲುವೆ ಸರ್ವೇಗೆ ಹೋಗಿದ್ದರು. ಕೇಳೋಣವೆಂದರೆ ಮನೆಯಲ್ಲಿ ಗಂಡಸರಿಲ್ಲ. ತೋಟಕ್ಕೆ ಹೋದೆ. ಕಾಸೀಮಸಾಬ ಬಾವಿಯ ಕಟ್ಟೆಗೆ ಒರಗಿ ಕೂತಿದ್ದ. ಮಾತು ಆಗಲೇ ಅವನ ಕಿವಿ ಮುಟ್ಟಿತ್ತು.

"ಓಡಿ ಹೋಗಲಿಲ್ಲೇನು?" ಎಂದೆ. ಒರಟಾಗಿಯೇ ಕೇಳಿದೆ.

"ಓಡಿದ್ರ ಮಾಡ್ಯಾನ ಅಂತಾರ್ರಿ ಅವ್ವಾರ. ಕುಂತ್ರನೂ ಮಾಡ್ಯಾನ ಅಂತಾರ. ಕುಂತಿದ್ರ ಕಾಲು ನೋಯಾಂಗಿಲ್ಲ."

"ಪುಡಿ ಎಲ್ಲಿ ಹಾಕಿದಿ?"

"ಗುಲಾಬಿ ಬುಡಕ್ಕ. ಮ್ಯಾಲೆ ಮಣ್ಣು ಎಳದೀನಿ. ಉಳಿದದ್ದು ಡಬ್ಬಿಯಾಗ ಐತಿ, ಡಬ್ಬಿ ಗ್ವಾಡಿ ಮಾಡದಾಗ ಐತಿ. ಖುದಾ ಮ್ಯಾಲೆ ಆಣಿ, ಆ ನಾಯಿ ನನ್ನ ಕೈಯಾಗ ರೊಟ್ಟಿ ತಿಂದೈತ್ರಿ."

ಅವನ ಕಣ್ಣು ನೋಡಿದರೆ ಸುಳ್ಳು ಅನ್ನಿಸಲಿಲ್ಲ. ಆದರೆ ಕಣ್ಣು ನೋಡಿ ಅಮೀನರು ನಂಬುತ್ತಾರೆಯೆ?

ಮನೆಗೆ ಬಂದೆ. ಪಡಸಾಲೆಯಲ್ಲಿ ನಮ್ಮ ಕಾಳಿ ನಿಲ್ಲಲಾರದೆ ನಿಂತಿತ್ತು. ಕಾಳಿ ರಾಜಾನ ಮರಿ, ಶಂಕ್ರಮ್ಮನೇ ಗೌರಿಗೆ ಆಡಲಿಕ್ಕೆ ಕೊಟ್ಟದ್ದು. ಕಾಲು ಅಗಲಿಸಿಕೊಂಡು ತೂಗಾಡುತ್ತಿತ್ತು, ಬಾಯಿಂದ ಜೊಲ್ಲು ಇಳಿಯುತ್ತಿತ್ತು. ನಾನು ನೋಡುತ್ತಿದ್ದಂತೆ ನೆಲದ ಮೇಲೆ ಕಾರಿಕೊಂಡಿತು.

ಗೌರಿಯನ್ನು ಒಳಗೆ ಕಳಿಸಿ, ಬಳಿಯಲೆಂದು ಬೂದಿ ತಂದು ಕೂತೆ. ಮಕ್ಕಳು ಏನು ತಿಂದಿವೆ, ಯಾವಾಗ ತಿಂದಿವೆ ಎಂದು ಬಳಿಯುವವಳಿಗೆ ಗೊತ್ತಾಗುತ್ತದೆ. ಅದು ಗೋಧಿ ಹುಗ್ಗಿ. ಬೆಲ್ಲ, ಕುಟ್ಟಿದ ಗೋಧಿ, ಕೊಬ್ಬರಿಯ ಚೂರು. ನಾನು ಹಬ್ಬಕ್ಕೆ ಹೋಳಿಗೆ ಮಾಡಿದ್ದೆ, ಹುಗ್ಗಿ ಮಾಡಿರಲಿಲ್ಲ. ಹುಗ್ಗಿ ಮಾಡಿದ್ದು ಶಂಕ್ರಮ್ಮ. ಅದರ ನಡುವೆ ಹಳದಿ ಸಿಪ್ಪೆಗಳು, ಒಳಗಿನ ಗಟ್ಟಿ ಬೀಜಗಳು. ದಿನಾ ಮುಂಜಾನೆ ಅಂಗಳ ಗುಡಿಸುವಾಗ ಕಸಬರಿಗೆಗೆ ಸಿಗುತ್ತಿದ್ದ ಮಣಿಗಳು ಅವು. ಕಣ್ಣು ಮುಚ್ಚಿ ಮುಟ್ಟಿದರೂ ಗುರುತು ಹಿಡಿಯುತ್ತಿದ್ದೆ.

ಬೂದಿ ಹಾಕಲಿಲ್ಲ. ಎಲ್ಲವನ್ನೂ ಮುತ್ತಲ ಎಲೆಯಲ್ಲಿ ಬಳಿದು ಕಟ್ಟಿಕೊಂಡೆ. ಮರಿಯನ್ನು ಸೆರಗಿನಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಓಡುವ ಮುಂಚೆ ಕಲ್ಲುಗಳ ಹತ್ತಿರ ಹೋದೆ. ಎಡೆಯ ಎಲೆ ಅಲ್ಲಿಯೇ ಇತ್ತು, ನಾಯಿ ನೆಕ್ಕಿ ಹರಿದದ್ದು. ಅಂಚಿನಲ್ಲಿ ಹುಗ್ಗಿಗೆ ಅಂಟಿಕೊಂಡು ಹಳದಿ ಮಣಿಗಳ ಒಂದು ಸಾಲು ಇನ್ನೂ ಉಳಿದಿತ್ತು. ಬಿದ್ದದ್ದಲ್ಲ, ಒಂದರ ಪಕ್ಕ ಒಂದು ಕೂರಿಸಿದ್ದು. ಆ ವರ್ಷ ಕಂಟಿ ಮೈತುಂಬ ಹಣ್ಣು ಬಿಟ್ಟಿತ್ತು. ದೊಡ್ಡ ಅಮಾವಾಸ್ಯೆಯೆಂದು ಶಂಕ್ರಮ್ಮ ಹುಗ್ಗಿಯ ರಾಶಿಗೆ ಬಂಗಾರದ ಸರ ಹಾಕಿದಂತೆ ಆ ಹಣ್ಣುಗಳನ್ನು ಸುತ್ತ ಒತ್ತಿ, ನೆತ್ತಿಗೆ ನೀಲಿ ಹೂವು ಇಟ್ಟಿದ್ದಳು. ನಾಯಿ ಬೆಲ್ಲದ ಆಸೆಗೆ ಹಣ್ಣುಸಹಿತ ನುಂಗಿತ್ತು. ಉಳಿದದ್ದನ್ನು ಮುಂಜಾನೆ ಮರಿ ನೆಕ್ಕಿತ್ತು.

ಕಾಸೀಮಸಾಬ ಹಿಂದೆಯೇ ಬಂದು ನಿಂತಿದ್ದ. ಎಲೆ ನೋಡಿದ, ನನ್ನ ಸೆರಗಿನಲ್ಲಿದ್ದ ಮರಿ ನೋಡಿದ.

"ಅವ್ವಾರ, ಒಂದು ಮಾತು ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ," ಎಂದ. "ಈ ಕಲ್ಲು ದೇವರಲ್ಲರಿ. ಸಾಹೇಬರ ನಾಯಿ ಅದಾವರಿ ಇದರ ಬುಡಕ. ಗೋರಿ."

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವನು ಮುಂದುವರಿಸಿದ.

"ಮೊದಲನೇ ನಾಯಿ ಮುದಿಯಾಗಿ ಸತ್ತಿತ್ತಂತ. ಮೇಮಸಾಬ್ ಅತ್ತು, ಅದರ ಗೋರಿ ಸುತ್ತ ಚಂದ ಕಾಣಲಿ ಅಂತ ಈ ಕಂಟಿ ಹಚ್ಚಿಸಿದ್ಲಂತ. ನಮ್ಮಪ್ಪನs ತಂದು ಹಚ್ಚಿದ. ಆಮ್ಯಾಲಿನ ನಾಯಿ ಒಂದೂ ಮುದಿಯಾಗಲಿಲ್ಲಂತ್ರಿ. ಹಿಂಗs, ಕಾಲು ಸೆಟದು. ಬಿಸಲಿಗೆ ಅಂದ್ರು, ಹಾವು ಅಂದ್ರು. ಒಂದೊಂದಾಗಿ ಈ ಸಾಲಿಗೇ ಬಂದ್ವು."

ಐದು ಕಲ್ಲು ನನ್ನನ್ನೇ ನೋಡುತ್ತಿದ್ದಂತೆ ಅನ್ನಿಸಿತು. ಗೋರಿಯನ್ನು ಸಿಂಗರಿಸಲಿಕ್ಕೆ ಹಚ್ಚಿದ ಕಂಟಿ ತನ್ನ ಸುತ್ತ ಗೋರಿಗಳನ್ನು ಕೂಡಿಸಿಕೊಂಡಿತ್ತು.

"ಗೊತ್ತಿದ್ದೂ ಯಾಕ ಹೇಳಲಿಲ್ಲೋ? ಕುಂಕುಮ ಹಚ್ಚಿ ಕೈ ಮುಗಿಯೋದು ದಿನಾ ನೋಡ್ತಿದ್ದೆಲ್ಲ?"

ಅವನು ನೆಲ ನೋಡಿದ. "ನಾ ಹೇಳಬೇಕಾಗಿತ್ತೇನ್ರಿ? ನೀವು ಪೂಜಿ ಮಾಡೋದು ನಾಯಿ ಗೋರಿಗೆ ಅಂತ? ನಾನು? ಈ ದಿನದಾಗ?"

ಮರಿಯನ್ನು ಸೆರಗಿನಲ್ಲಿ ಸರಿಮಾಡಿಕೊಂಡು ದವಾಖಾನೆಗೆ ಓಡಿದೆ.

ದನದ ಡಾಕ್ಟರು ಹೊಸದಾಗಿ ಬಂದವರು, ಸಣ್ಣ ವಯಸ್ಸು. ನಾನು ನಡೆದದ್ದು ಹೇಳಿ ಎಲೆಯ ಗಂಟು ಬಿಚ್ಚಿದಾಗ ಮೂಗು ಮುಚ್ಚಿಕೊಳ್ಳುವ ಬದಲು ಬಗ್ಗಿ ಮೂಸಿ ನೋಡಿದರು. ಆಗ ನನಗೆ ಧೈರ್ಯ ಬಂತು.

"ಗೆದ್ದಲಿನ ಪುಡಿ ಇದ್ರ ವಾಸನಿ ಮೂಗಿಗೆ ಹೊಡೀತದ. ಇದರಾಗ ಇಲ್ಲ," ಎಂದರು. ಮರಿಯ ಕಣ್ಣಿನ ರೆಪ್ಪೆ ಬಿಡಿಸಿ ಪಾಪೆ ನೋಡಿದರು. ವಾಂತಿ ತರಿಸುವ ಇಂಜೆಕ್ಷನ್ ಕೊಟ್ಟರು. ಉಳಿದ ಬೀಜಗಳೂ ಹೊರಗೆ ಬಂದವು. ಆಮೇಲೆ ಇದ್ದಿಲ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿದರು. ಹೊಟ್ಟೆಯಲ್ಲಿ ಉಳಿದ ವಿಷವನ್ನು ಇದ್ದಿಲು ಹಿಡಿದಿಡುತ್ತದಂತೆ. ಕಂಟಿಯ ಟೊಂಗೆಯೊಂದನ್ನು ತಂದಿದ್ದೆ. ಅದನ್ನು ನೋಡಿ ಒಂದು ದಪ್ಪ ಪುಸ್ತಕ ತೆಗೆದು ಬಹಳ ಹೊತ್ತು ಹುಡುಕಿದರು.

"ಡುರಾಂಟಾ ಅಂತಾರಿ ಇದಕ್ಕ. ಹಣ್ಣಿನಾಗ ಸ್ಯಾಪೊನಿನ್ ಇರತದ. ಅಂಟವಾಳ ಕಾಯಿ ನೊರೆ ಬರತದಲ್ಲ, ಆ ಜಾತಿ ವಸ್ತು. ಹೊಟ್ಟಿ ಕೆರಳಿಸ್ತದ, ಮಂಪರು ತರ್ತದ, ಜಾಸ್ತಿ ಆದ್ರ ಸೆಳವು. ಮಕ್ಕಳಿಗೂ ಕೂಡದು."

"ಹಕ್ಕಿ ತಿಂತಾವಲ್ರಿ?"

"ಹಕ್ಕಿ ಹೊಟ್ಟಿ ಬ್ಯಾರೆ, ನಾಯಿ ಹೊಟ್ಟಿ ಬ್ಯಾರೆ ಅವ್ವಾರ. ಹಕ್ಕಿ ಬೀಜ ಜಗಿಯಾಂಗಿಲ್ಲ, ನುಂಗಿ ಹಾಕ್ತದ."

ತೋಟದಲ್ಲಿದ್ದ ಒಂದೊಂದೇ ಗಿಡದ ಹೆಸರು ಹೇಳಿ ಕೇಳಿದೆ. ಬಾರಿಹಣ್ಣಿನಲ್ಲಿ ವಿಷವಿಲ್ಲ, ಬೀಜ ಗಂಟಲಿಗೆ ಸಿಕ್ಕೀತು ಎಂದರು. ಮಾಗಿದ ಕವಳಿ, ಫಾಲ್ಸಾ ಒಂದೆರಡು ತಿಂದರೆ ಭಯವಿಲ್ಲ. ಗುಲಗಂಜಿ ಎಂದ ಕೂಡಲೇ ಕೈ ಎತ್ತಿ, "ಅದನ್ನ ಇವತ್ತೇ ಬೇರುಸಹಿತ ತೆಗಸ್ರಿ, ಒಡದ ಬೀಜ ಒಂದು ಹೊಟ್ಟಿಗೆ ಹೋದ್ರ ಮನಷ್ಯಾನೂ ಉಳಿಯಾಂಗಿಲ್ಲ," ಎಂದರು. ತೋಟದಲ್ಲಿಲ್ಲದ ದ್ರಾಕ್ಷಿಯ ಬಗ್ಗೆಯೂ ಕೇಳಿದ್ದಕ್ಕೆ ತಿನ್ನಲಿ ಬಿಡಿ ಎಂದಿದ್ದರು. ಈಗಿನ ಡಾಕ್ಟರು ದ್ರಾಕ್ಷಿಯೂ ನಾಯಿಗೆ ಕೂಡದು, ಮೂತ್ರಪಿಂಡ ಕೆಡುತ್ತದೆ ಅನ್ನುತ್ತಾರೆ. ಅವತ್ತು ಆ ಡಾಕ್ಟರಿಗೂ ಎಲ್ಲ ತಿಳಿದಿರಲಿಲ್ಲ, ತಿಳಿದಷ್ಟನ್ನು ಬಚ್ಚಿಡದೆ ಹೇಳಿದರು.

"ಸತ್ತ ನಾಯಿಯ ಬಗ್ಗೆ ಬರದು ಕೊಡ್ತೀರೇನ್ರಿ?" ಎಂದೆ.

"ನಾ ನೋಡದs ಹ್ಯಾಂಗ ಬರೀಲಿ? ನೋಡಿದ್ರೂ ಹೊಟ್ಟಿ ಕೊಯ್ಯಬೇಕಾಗತದ."

ಮಗನ ನಾಯಿಯ ಹೊಟ್ಟೆ ಕೊಯ್ಯಲಿಕ್ಕೆ ಶಂಕ್ರಮ್ಮ ಬಿಡುವುದುಂಟೆ? ನಾನೇ ಹೋಗಿ ಹೇಳುವುದೊಂದೇ ದಾರಿ ಎಂದು ದವಾಖಾನೆಯ ಮೆಟ್ಟಿಲಲ್ಲಿಯೇ ತಿಳಿಯಿತು. ಬರುತ್ತ ದಾರಿಯುದ್ದಕ್ಕೂ ಮಾತು ಜೋಡಿಸಿದೆ, ಒಡೆದೆ. ಕಾಸೀಮಸಾಬನನ್ನು ಉಳಿಸಬೇಕಾದರೆ ಆಕೆಗೆ ಅವಳ ಕೈಯನ್ನೇ ತೋರಿಸಬೇಕಾಗಿತ್ತು. ಇನ್ನೊಂದು ಮಾತೂ ನನ್ನ ಬಾಯಿಯಲ್ಲಿತ್ತು, ಕಲ್ಲಿನ ಮಾತು. ಅದನ್ನೂ ಹೇಳಿದರೆ ಎರಡು ವರ್ಷ ಅವಳು ಮಗನಿಗಾಗಿ ಬೇಡಿದ್ದೆಲ್ಲ ಯಾರ ಮುಂದೆ?

ಬಿಸಿಲು ಇಳಿಯುತ್ತಿತ್ತು. ಶಂಕ್ರಮ್ಮ ನಾಯಿಯ ಮೇಲೆ ಮಗನ ಹಳೆಯ ಧೋತರ ಹೊದಿಸಿ ಪಕ್ಕದಲ್ಲಿ ಕೂತಿದ್ದಳು. ನಾನು ಕೂತು, ಸೆರಗಿನಿಂದ ಕಾಳಿಯನ್ನು ತೆಗೆದು ಅವಳ ತೊಡೆಯ ಮೇಲೆ ಇಟ್ಟೆ. ಮರಿ ಇದ್ದಿಲು ಮೆತ್ತಿದ ಬಾಯಿಯಿಂದ ಅವಳ ಬೆರಳು ನೆಕ್ಕಿತು.

"ಇದಕ್ಕೂ ಹಾಕ್ಯಾನೇನು ಆ ಭಾಡ್ಯಾ?" ಎಂದು ಹೌಹಾರಿದಳು.

"ಯಾರೂ ಹಾಕಿಲ್ಲಕ್ಕಾ. ಹಣ್ಣು ತಿಂದೈತಿ. ಮಣಿಕಂಟಿ ಹಣ್ಣು. ನಾಯಿಗೆ ಅದು ವಿಷ ಅಂತ ಡಾಕ್ಟರ ಪುಸ್ತಕ ನೋಡಿ ಹೇಳ್ಯಾರ."

"ನಾಯಿ ಹಣ್ಣು ತಿಂತೈತೇನಬೇ ಹುಚ್ಚೀ? ರಾಜಾ ಬಾಳೆಹಣ್ಣು ಕೊಟ್ರ ಮೂಸತಿರಲಿಲ್ಲ."

"ರಾಜಾ ಬರೇ ಹಣ್ಣು ತಿನ್ನಾಂಗಿಲ್ಲ. ಹುಗ್ಗಿಯಾಗ ಇದ್ರ ತಿಂತೈತಿ."

ಮರಿಯ ಬೆನ್ನು ಸವರುತ್ತಿದ್ದ ಅವಳ ಕೈ ನಿಂತಿತು. ಬೆರಳುಗಳು ಒಂದನ್ನೊಂದು ಒತ್ತಿಕೊಂಡು ಗಾಳಿಯಲ್ಲಿ ಏನೋ ಕೂರಿಸುವಂತೆ ಅಲುಗಾಡಿದವು. ಹುಗ್ಗಿಗೆ ಮಣಿ ಒತ್ತಿದ ಬೆರಳುಗಳು. ಇವತ್ತಿಗೂ ನಿದ್ದೆ ಬಾರದ ದಿನ ನನ್ನ ಕಣ್ಣಿಗೆ ಬರುವುದು ಸತ್ತ ನಾಯಿಯಲ್ಲ, ಆ ಬೆರಳುಗಳು.

"ಚಂದ ಕಾಣಲಿ ಅಂತ ಇಟ್ಟಿದ್ದೆ," ಎಂದಳು ಕೊನೆಗೆ. "ಶರಣಗ ಬಂಗಾರದ ಗುಂಡಿನ ಸರ ಮಾಡಸಬೇಕಂತಿತ್ತು. ಅದಕ್ಕs ಹಂಗ ಇಟ್ಟೆ."

ಆಗ ಬಾಗಿಲಲ್ಲಿ ಬೂಟಿನ ಸಪ್ಪಳ. ಅಮೀನರು ಬಸ್ಸಿನಿಂದ ನೇರ ಬಂದಿದ್ದರು. ಹಿಂದೆ ಜವಾನ, ಜವಾನನ ಪಕ್ಕ ಕಾಸೀಮಸಾಬ. ಕರೆಯುವ ಮೊದಲೇ ಅವನು ತಾನಾಗಿ ಬಂದು ನಿಂತಿದ್ದ.

"ಏನವ್ವಾ, ನಾಯಿಗೂ ಪಂಚನಾಮಿ ಮಾಡ್ಸಾಕ ಕರ್ಸೀಯೇನು? ನಾಳಿ ಬೆಕ್ಕಿಗೂ ಬಾ ಅಂತೀರಿ," ಎಂದರು ಅಮೀನರು ಬೆವರು ಒರೆಸಿಕೊಳ್ಳುತ್ತ. ಆಮೇಲೆ ದನಿ ತಗ್ಗಿಸಿ, "ಇವನೇನು ಹಾಕಿದಾಂವ?" ಎಂದರು.

ಶಂಕ್ರಮ್ಮ ನನ್ನ ಕಡೆ ನೋಡಲಿಲ್ಲ, ಕಾಸೀಮಸಾಬನ ಕಡೆಯೂ ನೋಡಲಿಲ್ಲ. ಮರಿಯನ್ನು ಕೆಳಗಿಟ್ಟು ಎದ್ದು ನಿಂತಳು.

"ಯಾರೂ ಏನೂ ಮಾಡಿಲ್ರಿ ಸಾಹೇಬ್ರ. ನಾಯಿ ಕೆಟ್ಟ ಹಣ್ಣು ತಿಂದು ಸತ್ತೈತಿ. ಹಾಕಿದಾಕಿ ನಾನು. ತಿಳೀದs ಹಾಕೀನಿ. ಬರಕೊಳ್ರಿ ಬೇಕಾರ."

ಅಮೀನರಿಗೆ ಏನು ತೋಚಿತೋ, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. "ಬರಕೊಳ್ಳೋದೇನಿಲ್ಲ ತಾಯಿ. ಮಣ್ಣು ಮಾಡ್ರಿ," ಎಂದು ಹೊರಟುಹೋದರು. ಅದು ಮೂರನೆಯ ಉಪಕಾರ. ಅದನ್ನು ಶಿವ ಮಾಡಿದ್ದೋ ಶಂಕ್ರಮ್ಮ ಮಾಡಿದ್ದೋ ನನಗೆ ಬೇರೆ ಮಾಡಿ ಹೇಳಲು ಬಾರದು.

ಕಾಸೀಮಸಾಬ ಹೋಗದೆ ನಿಂತಿದ್ದ. "ಅವ್ವಾರ, ಕಂಟಿ ಕಡೀಲೇನ್ರಿ?" ಎಂದು ಕೇಳಿದ.

"ಕಡಿ," ಎಂದಳು ಶಂಕ್ರಮ್ಮ.

ಅಪ್ಪ ಹಚ್ಚಿದ ಕಂಟಿಯನ್ನು ಮಗ ಕಡಿದ. ಅಷ್ಟು ದಿನ ನೀರು ಹಾಕಿ ಕತ್ತರಿಸಿ ಬೆಳೆಸಿದವನ ಕೈ ಒಂದು ಸಲವೂ ತಡೆಯಲಿಲ್ಲ. ಹಳದಿ ಹಣ್ಣು ನೆಲತುಂಬ ಉರುಳಿತು. ನಾನು ಕಸಬರಿಗೆ ತಂದು ಗುಡಿಸಿ ಬುಟ್ಟಿಗೆ ತುಂಬಿದೆ. ಬಾವಿಯ ಕಟ್ಟೆಯ ಗುಲಗಂಜಿ ಬಳ್ಳಿಯನ್ನೂ ಬೇರುಸಹಿತ ತೆಗೆಸಿದೆ. ಬೇಲಿ ಹೋದ ಮೇಲೆ ಐದು ಕಲ್ಲುಗಳು ಬಯಲಲ್ಲಿ ಬೆತ್ತಲೆ ನಿಂತವು, ಹಿಂದೆ ಮಸ್ಕಿ ರಸ್ತೆ ದೂರದವರೆಗೆ ಕಾಣುತ್ತಿತ್ತು.

"ಈ ಕಲ್ಲು?" ಎಂದು ಕಾಸೀಮಸಾಬ ಸಣ್ಣ ದನಿಯಲ್ಲಿ ಕೇಳಿದ. ಕೇಳಿದ್ದು ಶಂಕ್ರಮ್ಮನನ್ನು, ನೋಡಿದ್ದು ನನ್ನನ್ನು.

ಆ ಗಳಿಗೆಯಲ್ಲಿ ನಾನು ಹೇಳಬಹುದಾಗಿತ್ತು. ಹೇಳಲಿಲ್ಲ.

"ಕಲ್ಲು ಏನು ಮಾಡ್ಯಾವ?" ಎಂದಳು ಶಂಕ್ರಮ್ಮ. "ಇರಲಿ. ರಾಜಾನ್ನ ಇಲ್ಲೇ ಇಡ್ರಿ, ಇವುಗಳ ಮಗ್ಗಲ. ದಿನಾ ಇಲ್ಲೇ ಕುಂದರತಿದ್ದ. ಅಂವಗ ಇವು ಗುರುತದಾವ."

ಕಾಸೀಮಸಾಬ ಸಲಿಕೆ ಹಿಡಿದು ಸಾಲಿನ ತುದಿಯಲ್ಲಿ ತಗ್ಗು ತೋಡಿದ. ಐದನೆಯ ಕಲ್ಲಿನ ಪಕ್ಕ, ಅಷ್ಟೇ ಅಂತರ ಬಿಟ್ಟು, ಅದೇ ಗೆರೆಗೆ. ಅವನ ಅಪ್ಪನೂ ಹೀಗೆಯೇ ಅಳತೆ ಹಿಡಿದು ತೋಡಿದ್ದಿರಬೇಕು. ಧೋತರದಲ್ಲಿ ಸುತ್ತಿ ಇಳಿಸಿದೆವು. ಶಂಕ್ರಮ್ಮ ಹಿಡಿ ಮಣ್ಣು ಹಾಕಿ ವಿಭೂತಿ ಚಿಮುಕಿಸಿದಳು. ಆಮೇಲೆ ಹಾಗೇ ಬಗ್ಗಿ ಐದೂ ಕಲ್ಲುಗಳಿಗೆ ಒಂದೊಂದಾಗಿ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು.

"ನನ್ನ ನಾಯಿನ ನೋಡಿಕೊಳ್ರಿ," ಎಂದಳು ಅವುಗಳಿಗೆ.

ಕಾಸೀಮಸಾಬ ಮುಖ ತಿರುಗಿಸಿಕೊಂಡ.

ಆ ಕಲ್ಲಿನ ಗುಟ್ಟು ನಮ್ಮಿಬ್ಬರಲ್ಲೇ ಉಳಿಯಿತು. ಅವನು ಮುಂದೆಯೂ ಆ ತೋಟದಲ್ಲಿದ್ದ. ಶಂಕ್ರಮ್ಮ ಅಮಾವಾಸ್ಯೆಯ ಎಡೆಯಲ್ಲಿ ಒಂದು ಪಾಲು ಅವನಿಗೆ ಕೊಡುವಳು. ಬಾಯಿಬಿಟ್ಟು ತಪ್ಪಾಯಿತೆಂದು ಅವಳು ಅಂದದ್ದು ನಾನು ಕೇಳಲಿಲ್ಲ. ನಾವು ಸಿಂಧನೂರಿಗೆ ಬದಲಿಯಾಗಿ ಹೋಗುವವರೆಗೂ ಶರಣಪ್ಪ ಬರಲಿಲ್ಲ, ಆಮೇಲೆಯೂ ಬಂದ ಸುದ್ದಿಯಿಲ್ಲ. ಈಗ ಶಂಕ್ರಮ್ಮ, ಕಾಸೀಮಸಾಬ ಇಬ್ಬರೂ ಇಲ್ಲ, ಅದಕ್ಕೇ ಬರೆದಿದ್ದೇನೆ. ಒಂದು ಮಾತು ಮಾತ್ರ ನನಗೆ ಇವತ್ತಿಗೂ ತಿಳಿಯದು. ಕಾಳಿ ಗುಣವಾಗಿ ಓಡಾಡತೊಡಗಿದ ಮೇಲೆ ಒಂದು ಸಂಜೆ ಹುಡುಕಿದರೆ ಆ ಮೂಲೆಯಲ್ಲಿ ಕೂತಿತ್ತು, ಮಸ್ಕಿ ರಸ್ತೆಗೆ ಮುಖ ಮಾಡಿ. ಅದು ಹುಟ್ಟುವ ಮೊದಲೇ ಶರಣಪ್ಪ ಹೋಗಿದ್ದ. ಅದು ಯಾರ ದಾರಿ ಕಾಯುತ್ತಿತ್ತೋ.

ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ಅಂಗಳದಲ್ಲಿ ಬೆಳೆದದ್ದರ ಹೆಸರು, ಗುಣ ಕೇಳಿ ತಿಳಿದುಕೊಳ್ಳಬೇಕು. ಹಕ್ಕಿ ತಿಂದಿತೆಂದು ನಾಯಿಗೆ, ಮಕ್ಕಳಿಗೆ ಬಿಡಬಾರದು. ನಾಯಿ ಕಾರಿಕೊಂಡರೆ ನೀರು ಹಾಕಿ ತೊಳೆಯುವ ಮೊದಲು ಬಗ್ಗಿ ನೋಡಬೇಕು, ಅದನ್ನು ಕಟ್ಟಿಕೊಂಡು ಡಾಕ್ಟರ ಹತ್ತಿರ ಓಡಬೇಕು, ಮನೆಮದ್ದು ಮಾಡುತ್ತ ಕೂಡಬಾರದು. ಮನುಷ್ಯರ ಮೇಲೆ ಬೆರಳು ತೋರಿಸುವ ಮೊದಲೂ ಹಾಗೆಯೇ ಬಗ್ಗಿ ನೋಡುವುದು ಒಳ್ಳೆಯದು.

ಅವತ್ತು ಮಣ್ಣು ಮಾಡಿ, ಕೈಕಾಲು ತೊಳೆದು, ಗೌರಿಯ ಕೊರಳಿನ ಹಳದಿ ಸರ ಕತ್ತರಿಸಿ ಒಲೆಗೆ ಹಾಕಿದೆ. ಅವಳು ಅತ್ತಳು, ಅಳಲಿ ಎಂದು ಬಿಟ್ಟೆ. ಹಿತ್ತಲಿಗೆ ಬಂದರೆ ಹಿತ್ತಾಳೆ ಕೊಡ ಮುಂಜಾನೆ ಬಿಟ್ಟಲ್ಲೇ ಇತ್ತು. ಹುಣಸೆ ಒಣಗಿ ಆ ಮಗ್ಗುಲೆಲ್ಲ ಹಸಿರು ಕಿಲುಬು ಏರಿತ್ತು. ಬೆಳಕು ಇನ್ನೂ ಸ್ವಲ್ಪ ಇತ್ತು. ಹೊಸದಾಗಿ ಹುಣಸೆಹಣ್ಣು ನೆನೆಹಾಕಿ, ಬೂದಿ ಹಿಡಿದು ಕೂತು, ಮೊದಲಿನಿಂದ ತಿಕ್ಕತೊಡಗಿದೆ.